ಅಂಬಾಸಿಡರಿಗೊಂದು ಕಾರ್ಬುರೇಟರ್

ಹಳೆಯ ಕಾರು ಇಟ್ಟುಕೊಂಡವನ ಮನೆಗೆ ಫಜೀತಿ ತಾನಾಗಿಯೇ ಹುಡುಕಿಕೊಂಡು ಬರುತ್ತದೆ. ಅವನು ಎಲ್ಲಿಗೂ ಹೋಗಬೇಕಾಗಿಲ್ಲ. ಹೋಗೋಣವೆಂದರೆ ಕಾರೇ ಚಾಲೂ ಆಗುವುದಿಲ್ಲ.

ನಾನು ರಾಯಚೂರಿನಲ್ಲಿ ಶಾಲೆ ಮಾಸ್ತರ. ಅಪ್ಪ ಬಿಟ್ಟುಹೋದ ಬಿಳಿ ಅಂಬಾಸಿಡರ್ ನನ್ನ ಹತ್ತಿರ ಇದೆ. ಅದರ ಮೇಲೆ ನನಗೆ ವಿಪರೀತ ಮಮತೆ.

ಷರತ್ತು

ಈ ಬೇಸಿಗೆಯಲ್ಲಿ ಕಾರು ಪೆಟ್ರೋಲ್ ಕುಡಿಯುವುದನ್ನು ಮಾತ್ರ ಉಳಿಸಿಕೊಂಡು ಓಡುವುದನ್ನು ಬಿಟ್ಟಿತು. ಗ್ಯಾರೇಜಿನ ಮಿಸ್ತ್ರಿ ಕಾರ್ಬುರೇಟರ್ ಬಿಚ್ಚಿ ಬೆಳಕಿಗೆ ಹಿಡಿದ.

"ಮಾಸ್ತರ, ಗಾಳಿ ಪೆಟ್ರೋಲ್ ಕೂಡಿಸಿ ಎಂಜಿನ್ನಿಗಿ ಕೊಡೋದು ಇದರ ಕೆಲಸ. ಒಳಗ ಪೂರಾ ಸವದು ಹೋಗ್ಯಾದ. ಬ್ಯಾರೇದು ತರ್ರಿ."

ಸುದ್ದಿ ಕೇಳಿ ಹೆಂಡತಿ ಷರತ್ತು ಹಾಕಿದಳು. "ನನ್ನ ತಮ್ಮನ ಗೃಹಪ್ರವೇಶಕ್ಕ ಮಾನ್ವಿಗೆ ಇದರಾಗ ಹೋದ್ವಿ ಅಂದ್ರ ಕಾರು ಇರ್ಲಿ. ಬಸ್ ಹತ್ತೋ ಪಾಳಿ ಬಂತಂದ್ರ ಮರುದಿನಾನ ಗುಜರಿಗೆ."

"ಅಪ್ಪನ ನೆನಪು ಅದು" ಎಂದೆ.

"ಮಾವನೋರ ಫೋಟೋ ಗ್ವಾಡಿ ಮ್ಯಾಲ ಅದಲ್ರೀ. ಅದು ಪೆಟ್ರೋಲ್ ಕೇಳೂದಿಲ್ಲ."

ಎರಡು ಉಪಯೋಗ

ಮೊಬೈಲಿನಲ್ಲಿ ನೋಡಿ ತರಿಸಿದ ಕಾರ್ಬುರೇಟರ್ ಬೆಳ್ಳಿಯಂತೆ ಹೊಳೆಯುತ್ತಿತ್ತು, ಬೋಲ್ಟಿನ ತೂತು ಮಾತ್ರ ಕೂಡಲಿಲ್ಲ. ಅದನ್ನು ವಾಪಸ್ ಕಳಿಸಿ ಪೇಟೆಯ ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವನು ಧೂಳು ಊದಿ ಒಂದನ್ನು ಮುಂದಿಟ್ಟ.

"ಇದು ಅಂಬಾಸಿಡರಿಂದೇನ್ರಿ?"

"ಪಂಪ್‌ಸೆಟ್ಟಿಂದು. ಅದೂ ಪೆಟ್ರೋಲೇ ಕುಡೀತದಲ್ರೀ! ನಿಮ್ದು ಹೊಲ ಅದೇನು?"

"ಕಲ್ಮಲದಾಗ ಅದ."

"ಮತ್ತ ಬೇಫಿಕರ್ ಒಯ್ರಿ. ಕಾರು ಓಡಲಿಲ್ಲಂದ್ರ ಹೊಲಕ್ಕ ನೀರರ ಹಾಯ್ತಾವ."

ಕಾವು

ದೇವದುರ್ಗದ ಕಡೆ, ಅರಕೇರಾದಲ್ಲಿ, ಕುರಿ ಸಾಕುವವರ ಮನೆಯ ಹಿತ್ತಲಲ್ಲಿ ನನ್ನ ಕಾರಿನಂಥದೇ ಕಾರು ಕೆಟ್ಟು ನಿಂತಿದೆ ಎಂದು ಮಿಸ್ತ್ರಿ ಪತ್ತೆ ಹಚ್ಚಿದ. ಅವನ ಬೈಕಿನಲ್ಲೇ ಹೋದೆವು. ಬಾನೆಟ್ ಅರ್ಧ ತೆರೆದಿತ್ತು. ಒಳಗೆ ಕಾರ್ಬುರೇಟರ್ ಗಟ್ಟಿಮುಟ್ಟಾಗಿತ್ತು. ಅದರ ಪಕ್ಕದಲ್ಲಿ, ಬ್ಯಾಟರಿ ಇರಬೇಕಾದ ಜಾಗದಲ್ಲಿ, ಒಂದು ಕೋಳಿ ಕೂತಿತ್ತು. ಮಿಸ್ತ್ರಿ ಬೋಲ್ಟು ಬಿಚ್ಚಲು ಪಾನಾ ತೆಗೆದದ್ದೇ ತಡ, ಆ ಮನೆಯ ಅಜ್ಜಿ ಓಡಿಬಂದಳು.

"ಯಪ್ಪಾ, ಕೈ ಹಚ್ಚಬ್ಯಾಡ್ರಿ! ಕೋಳಿ ಕಾವಿಗಿ ಕುಂತದ. ಮರಿ ಆದ ಮ್ಯಾಲ ಬರ್ರಿ, ಪುಕ್ಕಟ ಒಯ್ರಿ."

"ಯವ್ವಾ, ಗೃಹಪ್ರವೇಶ ಹತ್ತರ ಬಂದದ. ಕೋಳೀನ ಸ್ವಲ್ಪ ಆಕಡಿ ಇಡ್ಲಿಕ್ಕೆ ಬರೂದಿಲ್ಲೇನು?"

"ಮಾಸ್ತರ ಅದೀರಿ ನೀವು. ಹಡಿಯಾಕ ಮಲಗಿದಾಕೀನ ಎಬ್ಬಿಸಿ ಆಕಿ ಮಂಚ ಒಯ್ತೀರೇನು?"

ಮಿಸ್ತ್ರಿ ಪಾನಾವನ್ನು ಸದ್ದಿಲ್ಲದೆ ಕಿಸೆಗೆ ಹಾಕಿಕೊಂಡ. ಹೊರಡುವಾಗ ಇಬ್ಬರೂ ಪಿಸುಮಾತಿನಲ್ಲೇ ಮಾತಾಡಿದೆವು.

ವಿಚಾರಣೆ

ಅಲ್ಲಿಂದ ಮುಂದೆ ದಿನಾ ಮುಂಜಾನೆ ಅಜ್ಜಿಗೆ ಫೋನು. ನಮ್ಮದು ತಲೆಮಾರುಗಳಿಂದ ಗುಡಿಯ ಸೇವೆಯ ಮನೆತನ. ಮನೆಯಲ್ಲಿ ತತ್ತಿ ಎಂಬ ಮಾತನ್ನೂ ಆಡುವುದಿಲ್ಲ. ಅದಕ್ಕೇ ನಾನು ಅಂಗಳದ ಮೂಲೆಯಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಬಾಣಂತಿಯ ಯೋಗಕ್ಷೇಮ ವಿಚಾರಿಸುತ್ತಿದ್ದೆ. ಗೃಹಪ್ರವೇಶದ ಹಿಂದಿನ ದಿನ ಸಿಹಿಸುದ್ದಿ ಬಂತು. ಖುಷಿಯಲ್ಲಿ ಮೈಮರೆತು ಕೂಗಿಬಿಟ್ಟೆ. "ಎಲ್ಲಾ ತತ್ತಿ ಒಡದ್ವಾ? ಈಗ ಬಂದೆ!"

ಮಡಿಸೀರೆಯಲ್ಲಿದ್ದ ಅವ್ವ ದೇವರಮನೆಯಿಂದ ಹೊರಗೆ ಬಂದಳು. "ಏನಂದ್ಯೋ?"

"ಅದು... ಕಾರಿನ ಸಲುವಾಗಿ, ಅವ್ವಾ."

ಅವ್ವ ನನ್ನನ್ನು ದಿಟ್ಟಿಸಿ ನೋಡಿ, ಹೆಂಡತಿಯ ಕಡೆ ತಿರುಗಿದಳು. "ಪೆಟ್ರೋಲ್ ಕುಡೀತದ, ಹೋಗ್ಲಿ ಅಂತ ಸುಮ್ನಿದ್ದೆ. ಈಗ ಅದು ತತ್ತೀನೂ ತಿನ್ಲಿಕ್ಕೆ ಹತ್ತೇದ ನೋಡು."

ಪ್ರವೇಶ

ಮರಿಯಾದ ಸಂಭ್ರಮಕ್ಕೆ ಅಜ್ಜಿ ಕಾರ್ಬುರೇಟರಿನ ಜೊತೆಗೆ ಮಿಸ್ತ್ರಿಗೊಂದು ಹುಂಜವನ್ನೂ ಕೊಟ್ಟಳು. ಅವನು ಅದರ ಕಾಲು ಕಟ್ಟಿ, ಚೀಲದಲ್ಲಿಟ್ಟು ತಂದು, ಗ್ಯಾರೇಜಿನಲ್ಲಿ ನೆರಳಿಗಿರಲಿ ಎಂದು ನನ್ನ ಕಾರಿನ ಡಿಕ್ಕಿಯಲ್ಲಿಟ್ಟ. ಸಂಜೆ ಎಂಜಿನ್ ಗುಡುಗಿದಾಗ ನನಗೆ ಕಣ್ಣು ತುಂಬಿ ಬಂತು. ಆ ಆನಂದದಲ್ಲಿ ಚೀಲ ಇಬ್ಬರಿಗೂ ಮರೆತೇಹೋಯಿತು. ಮುಂಜಾನೆ ಉಡುಗೊರೆಯ ಪಾತ್ರೆಗಳನ್ನು ಅವಸರದಲ್ಲಿ ತುಂಬಿದವನು ನಾನೇ. ಮೂಲೆಯಲ್ಲಿದ್ದ ಚೀಲವನ್ನು ಸ್ಟೆಪ್ನಿಗೆ ಹೊದಿಸಿದ್ದು ಅಂದುಕೊಂಡೆ.

ಮಾನ್ವಿ ಮುಟ್ಟುವವರೆಗೂ ಕಾರು ಒಂದು ಸಲವೂ ಕೆಮ್ಮಲಿಲ್ಲ. ಹೆಂಡತಿ ತಪ್ಪು ಹುಡುಕಿ ಹುಡುಕಿ ಸುಸ್ತಾದಳು. ನಾನು ಹಾರ್ನ್ ಬಾರಿಸುತ್ತಲೇ ಹೊಸ ಮನೆಯ ಮುಂದೆ ನಿಲ್ಲಿಸಿದೆ. ಬಾಗಿಲಲ್ಲಿ ಆಚಾರ್ಯರು ಮಂತ್ರ ಹೇಳುತ್ತಿದ್ದರು. ಹೊಸ್ತಿಲನ್ನು ಮೊದಲು ದಾಟಬೇಕಾದ ಆಕಳು ಅರಿಷಿಣ ಕುಂಕುಮ ಹಚ್ಚಿಸಿಕೊಂಡು ಸಿದ್ಧವಾಗಿತ್ತು. ಹೆಂಡತಿ ಪಾತ್ರೆ ತೆಗೆಯಲು ಡಿಕ್ಕಿ ಎತ್ತಿದಳು.

ದಾರಿಯುದ್ದಕ್ಕೂ ಕೊಸರಾಡಿ ಹಗ್ಗ ಬಿಚ್ಚಿಕೊಂಡು ಚೀಲದಿಂದ ಹೊರಬಿದ್ದಿದ್ದ ಹುಂಜ ಹೊರಗೆ ಹಾರಿ, ಆಕಳ ಕಾಲ ಸಂದಿಯಲ್ಲಿ ನುಗ್ಗಿ, ಹೊಸ್ತಿಲು ದಾಟಿ, ಹೋಮಕುಂಡದ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿತು. ಆಚಾರ್ಯರ ಮಂತ್ರ ಅರ್ಧಕ್ಕೇ ನಿಂತಿತು. ಆಕಳು ತಿರುಗಿ ಬೀದಿಯ ಕಡೆ ನಡೆಯಿತು. ಹೆಂಡತಿಯ ತಮ್ಮ ಅಕ್ಕನ ಮುಖ ನೋಡಿದ, ಅಕ್ಕ ನನ್ನ ಮುಖ ನೋಡಿದಳು.

ಹತ್ತಿರ ಬಂದು, ಬಹಳ ಶಾಂತವಾಗಿ ಹೇಳಿದಳು:

"ಮಾತು ಕೊಟ್ಟೀನಿ, ಕಾರು ಇರ್ಲಿ. ಗುಜರಿಗೆ ನೀವು ಹೋಗ್ರಿ."