ಆ ಫೋನ್ ನನ್ನ ಕೈ ಬಿಡ್ಬೇಕ್ರಿ

ನಾನು ಟೆಲಿಕಾಂ ಕಾನೂನಿನ ವಕೀಲೆ. ತೆಲುಗು ಸೀಮೆಯ ಹಿಮಾಯತ್‌ನಗರದಲ್ಲಿ ಬಟ್ಟೆ ಅಂಗಡಿಯೊಂದರ ಮೇಲೆ ನನ್ನ ಆಫೀಸು. ಲೈಸೆನ್ಸು, ಸರ್ಕಾರದ ನಿಯಮ, ಕಂಪನಿಗಳು ಕೊಳ್ಳುವ ಮಾರುವ ಕರಾರು, ಇಷ್ಟೇ ನನ್ನ ಪ್ರಪಂಚ. ಕೇಳಿದರೆ ಇಷ್ಟು ಸಪ್ಪೆ ಕೆಲಸ ಇನ್ನೊಂದಿಲ್ಲ ಅನ್ನಿಸಬೇಕು. ಆದರೆ ಫೋನು ಅಂದಮೇಲೆ ಅದರ ಎರಡೂ ತುದಿಗೆ ಮನುಷ್ಯರೇ ಇರುತ್ತಾರಲ್ಲ, ಹಾಗಾಗಿ ಆಗಾಗ ಏನಾದರೊಂದು ನಡೆದೇ ನಡೆಯುತ್ತದೆ.

ಕಂಬ ಹತ್ತುವ ಹುಡುಗಿ

ನನ್ನನ್ನು ನೋಡಲು ರಾಯಚೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಚಹಾ ಆಯಿತು. ಹುಡುಗನ ಸೋದರತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಟೆಲಿಕಾಂ ಅಂದ್ರ ಕಂಬ ಹತ್ತೂದೇನವ್ವಾ?" ಎಂದರು.

ನಾನು ಬಾಯಿ ತೆರೆಯುವುದರೊಳಗೆ ಅವ್ವನೇ, "ಏ ಇಲ್ಲರೀ ವೈನಿ, ಕಂಬ ಹತ್ತಿದೋರು ಜಗಳಾಡಿದ ಮ್ಯಾಲೆ ಇಕಿ ಕಡೆ ಬರ್ತಾರ" ಅಂದಳು.

"ಹಂಗಾದ್ರ ಛಲೋ ಆತು ಬಿಡ್ರಿ. ನಮ್ಮ ಹುಡುಗಗ ಎತ್ತರ ಅಂದ್ರ ಅಂಜಿಕಿ."

ಸಂಬಂಧ ಕೂಡಿ ಬಂತು. ಮನೆಯಲ್ಲಿ ಇವತ್ತಿಗೂ ಸ್ಟೂಲು ಹತ್ತಿ ಬಲ್ಬು ಬದಲಾಯಿಸುವವಳು ನಾನೇ.

ಮೇಲಿನವರು ಯಾರು?

ಕಾಚಿಗೂಡದ ಗಲ್ಲಿಗಳಿಗೆ ಇಂಟರ್ನೆಟ್ ಕೊಡುವ ಸಣ್ಣ ಆಪರೇಟರೊಬ್ಬರು ನನ್ನ ಕಕ್ಷಿದಾರರು. ಮೂಲ ಕಲಬುರಗಿ ಕಡೆ. ಕಿವಿಗೆ ಸದಾ ಫೋನು.

ಗಿರಾಕಿಗಳ ದೂರು ಕೇಳಲು ಒಬ್ಬರಿರಬೇಕು, ಅವರ ಉತ್ತರ ಒಪ್ಪದವರ ಮೇಲ್ಮನವಿ ಕೇಳಲು ಇನ್ನೊಬ್ಬರಿರಬೇಕು ಎಂದು ನಿಯಮ. ದೂರು ಕೇಳುವವರು ಯಾರೆಂದು ಕೇಳಿದೆ.

"ನಾನರೀ."

"ಮೇಲ್ಮನವಿ?"

"ನಮ್ಮ ಮನಿಯಾಕಿ."

"ಹಾಗೆ ಮನೆಯವರನ್ನೆಲ್ಲ ಹಾಕಬಾರದು ಸರ್."

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಮತ್ತ ನನ್ನ ಮಾತು ತಿರುಗಿಸೋ ತಾಕತ್ತು ಬ್ಯಾರೆ ಯಾರಿಗೈತ್ರಿ ಮೇಡಂ?"

ಯಾರ ವೈರು?

ಕೆಲವು ವರ್ಷಗಳ ಮೇಲೆ ಅವರೇ ವ್ಯವಹಾರ ಮಾರುತ್ತೇನೆಂದು ಬಂದರು. ದೊಡ್ಡ ಕಂಪನಿಯೊಂದು ಕೊಳ್ಳಲು ತಯಾರಿತ್ತು. ರೇಟಿನ ಬಗ್ಗೆ ತಕರಾರಿಲ್ಲ. ಅವರಿಗೆ ಬೇಕಾದದ್ದು ಒಂದೇ.

"ಈ ಫೋನ್ ನನ್ನ ಕೈ ಬಿಡ್ಬೇಕ್ರಿ. ಊಟಕ್ಕ ಕುಂತ್ರ ನೆಟ್ ಇಲ್ಲ ಅಂತಾರ, ಮಲಗಿದ್ರ ನೆಟ್ ಇಲ್ಲ ಅಂತಾರ. ಮಗಳ ಲಗ್ನದಾಗ ಅಕ್ಷತಿ ಹಾಕೂ ಮುಂದ ಯಾರಿಗೋ ಪಾಸ್‌ವರ್ಡ್ ಹೇಳಾಕತ್ತಿದ್ದೆ. ಅವತ್ತಿಂದ ಮನಿಯಾಕಿ ನನ್ನ ಕೂಡ ನೆಟ್ಟಗ ಮಾತಾಡಿಲ್ಲ."

ಮೊದಲು ನಗು ಬಂತು. ಅವರ ಮುಖ ನೋಡಿ ಪಾಪ ಅನ್ನಿಸಿತು. ಏಕೆಂದರೆ ಕಂಪನಿ ಕಳಿಸಿದ ಕರಡಿನಲ್ಲಿ ಒಂದು ಷರತ್ತಿತ್ತು: ಮಾರಿದ ಮೇಲೂ ಒಂದು ವರ್ಷ ಗಿರಾಕಿಗಳ ಫೋನು ಇವರೇ ಎತ್ತಬೇಕು. ಅದನ್ನು ತೆಗೆಸುವ ಜವಾಬ್ದಾರಿ ನನ್ನ ತಲೆಗೆ ಬಿತ್ತು.

ಕಂಪನಿಯ ಅಧಿಕಾರಿ, ತೆಲುಗಿನ ತರುಣ, ಆಸ್ತಿ ಪರಿಶೀಲನೆಗೆ ಬಂದ. ಗಲ್ಲಿಯ ಕಂಬದ ತುಂಬ ಶಾವಿಗೆಯ ಹಾಗೆ ವೈರು. ಇದರಲ್ಲಿ ನಿಮ್ಮವು ಯಾವುವು ಎಂದು ಕೇಳಿದ. ನಮ್ಮವರು "ಪಟ್ಟುಕೋಂಡಿ ಸಾರ್" ಎಂದು ತಮ್ಮ ಫೋನನ್ನು ಅವನ ಕೈಗಿಟ್ಟು ಏಣಿ ಹತ್ತಿದರು. ಒಂದು ವೈರು ಕಿತ್ತು, ಮೇಲಿನಿಂದಲೇ ನನಗೆ ಹೇಳಿದರು, "ನೋಡ್ತಿರ್ರಿ ಮೇಡಂ. ಬೈಗುಳ ಬಂದ್ರ ನಮ್ಮದು, ಬರಲಿಲ್ಲಂದ್ರ ಬ್ಯಾರೇದೋರದು."

ಕೂಡಲೇ ಫೋನು ಹೊಡೆದುಕೊಂಡಿತು. ಧಾರಾವಾಹಿ ನಿಂತುಹೋದ ಹೆಂಗಸೊಬ್ಬರು ಆ ತರುಣನ ವಂಶವನ್ನೆಲ್ಲ ವಿಚಾರಿಸಿಕೊಂಡರು. ಆತ ಬೆವರು ಒರೆಸಿಕೊಂಡ. ಷರತ್ತು ಬಿಡಿಸಲು ಇದೇ ಸಮಯ ಎಂದು ನಾನು ಹತ್ತಿರ ಹೋದೆ.

"ಮೇಡಂ, ಆ ಒಂದು ವರ್ಷವನ್ನು ಎರಡು ಮಾಡಿ" ಎಂದ.

ಸಹಿಯ ದಿನ

ಕೊನೆಯ ಸಭೆ ನನ್ನ ಆಫೀಸಿನಲ್ಲೇ. ವ್ಯವಹಾರ ಗಂಡಹೆಂಡತಿ ಇಬ್ಬರ ಹೆಸರಲ್ಲಿದ್ದುದರಿಂದ ಅವರ ಹೆಂಡತಿಯೂ ಬಂದಿದ್ದರು. ನಾನು ಎಷ್ಟು ಹೇಳಿದರೂ ತರುಣ ಜಗ್ಗಲಿಲ್ಲ.

"ಹೊಸಬರು ಎತ್ತಿದರೆ ಗಿರಾಕಿಗಳು ಓಡಿಹೋಗುತ್ತಾರೆ. ಇವರು ಎತ್ತಲಿ, ಇಲ್ಲ ಇವರ ಮನೆಯವರು ಯಾರಾದರೂ ಎತ್ತಲಿ."

ನಮ್ಮವರು ತಲೆ ತಗ್ಗಿಸಿ ಕೂತಿದ್ದರು. ಅಷ್ಟರಲ್ಲಿ ಫೋನು ಬಂತು. ಅಭ್ಯಾಸಬಲದಿಂದ ಅವರ ಕೈ ಹೋಯಿತು. ಹೆಂಡತಿ ಅದನ್ನು ಕಸಿದುಕೊಂಡು ಸ್ಪೀಕರಿಗೆ ಹಾಕಿದರು.

"ಅಣ್ಣಾ, ನೆಟ್ ರಾವಟ್ಲೇದು." ನೆಟ್ ಬರುತ್ತಿಲ್ಲವಂತೆ.

ಆಕೆ ಶುದ್ಧ ತೆಲುಗಿನಲ್ಲಿ, "ಒಳ್ಳೆಯದಾಯಿತು. ಹೆಂಡತಿ ಮನೆಯಲ್ಲಿದ್ದಾಳಾ? ಹೋಗಿ ಆಕೆಯ ಜೊತೆ ಮಾತಾಡು" ಎಂದು ಇಟ್ಟರು.

ಇನ್ನೊಂದು ಬಂತು. ಮಗನ ಆಟ ನಿಂತಿದೆಯಂತೆ. "ನಿಲ್ಲಲಿ, ಓದಿಕೊಳ್ಳಲಿ. ನಾಳೆಯೂ ಬರುವುದಿಲ್ಲ."

ತರುಣ ಕುರ್ಚಿಯ ತುದಿಗೆ ಬಂದ. ಹೆಂಡತಿ ನನ್ನ ಕಡೆ ತಿರುಗಿದರು. ದನಿ ನಡುಗುತ್ತಿತ್ತು. "ಇವ್ರೆಲ್ಲಾರ ಮನ್ಯಾಗ ನೆಟ್ ಬಂದಾಗಿಂದ ನಮ್ಮವ್ರು ನಮ್ಮ ಮನ್ಯಾಗಿಲ್ರೀ ಮೇಡಂ." ಅವರ ಗಂಡ ಮೆಲ್ಲಗೆ ಆಕೆಯ ಕೈ ಮೇಲೆ ಕೈಯಿಟ್ಟರು.

ಮತ್ತೆ ಫೋನು. ಈ ಸಲ ಧಾರಾವಾಹಿಯ ಹೆಂಗಸು. ಹೆಂಡತಿ ಕಣ್ಣೊರೆಸಿಕೊಂಡು, "ಆ ಸೊಸೆ ಇನ್ನೂ ಆರು ತಿಂಗಳು ಅಳುತ್ತಾಳೆ, ಏನೂ ತಪ್ಪಿಹೋಗುವುದಿಲ್ಲ. ಅಷ್ಟು ಅವಸರವಿದ್ದರೆ ಬೇರೆ ಕಂಪನಿಯ ಲೈನು ಹಾಕಿಸಿಕೋ ತಾಯಿ, ಅದೇ ಚೆನ್ನಾಗಿದೆ" ಎಂದರು.

ತರುಣ ನನ್ನ ಕೈಯಿಂದಲೇ ಪೆನ್ನು ಕಸಿದು ಆ ಷರತ್ತಿನ ಮೇಲೆ ಅಡ್ಡಗೆರೆ ಎಳೆದ. ಸಹಿ ಹಾಕಿ, ಫೋನು ಕೊಡಿ ಎಂದು ಕೈ ಚಾಚಿದ.

ಹೆಂಡತಿ ಫೋನನ್ನು ಸೆರಗಿನೊಳಗೆ ಹಿಡಿದುಕೊಂಡು ನನಗೆ ಹೇಳಿದರು, "ಯಾಕ ಕೊಡ್ಬೇಕಂತ ಕೇಳ್ರಿ ಮೇಡಂ. ಎರಡು ವರ್ಷ ಎತ್ರಿ ಅಂತ ಇವ್ರ ಅಂದಿದ್ರಲ್ಲ, ನನಗ ಈಗೀಗ ಮಜಾ ಬರಾಕತ್ತೈತಿ."