ಆನೆ ಉಟ್ಟು

ನಮ್ಮ ಮನೆಯವರ ಜೊತೆ ನಾಲ್ಕು ಜನರ ಕಣ್ಣಿಗೆ ಬೀಳುವ ಹಾಗೆ ಎಲ್ಲಿಗೆ ಹೊರಟರೂ ನಾನು ತಲೆ ತಗ್ಗಿಸಿಕೊಂಡೇ ಹಿಂದಿರುಗಬೇಕು. ಮದುವೆಯಾದಾಗಿನಿಂದ ಇದು ನಡೆದು ಬಂದಿದೆ. ಒಮ್ಮೆ ಆದರೆ ಗ್ರಹಚಾರ ಎನ್ನಬಹುದು, ಪ್ರತಿ ಸಲವೂ ಆದರೆ ಅದಕ್ಕೆ ಸಂಸಾರ ಎಂದೇ ಹೆಸರು. ಕಳೆದ ಮಳೆಗಾಲದ ಒಂದು ಭಾನುವಾರ ಮಾತ್ರ ಒಂದೇ ಹಗಲಿನಲ್ಲಿ ಇಷ್ಟೆಲ್ಲ ಆಯಿತು.

ಇಂಗ್ಲಿಷ್ ಬಲ್ಲ ನಾಯಿ

ಅಂದು ಮಗಳ ಸಂಬಂಧದ ವಿಷಯವಾಗಿ ಮೈಸೂರಿನಿಂದ ಹುಡುಗನೂ ಅವನ ತಾಯಿಯೂ ಗಾಳಿಬೀಡಿನ ನಮ್ಮ ಮನೆಗೆ ಬಂದಿದ್ದರು. ಹುಡುಗ ಬ್ಯಾಂಕಿನಲ್ಲಿದ್ದಾನೆ. ಅವನೂ ನನ್ನ ಮಗಳೂ ಒಬ್ಬರನ್ನೊಬ್ಬರು ಮೊದಲೇ ಒಪ್ಪಿಯಾಗಿತ್ತು. ಅವನ ಹೆಸರು ಬಂದರೆ ಸಾಕು, ಮಗಳು ಇದ್ದಕ್ಕಿದ್ದಂತೆ ಕರ್ಟನ್ ಸರಿಪಡಿಸಲು ಹೋಗುತ್ತಿದ್ದಳು. ಉಳಿದಿದ್ದದ್ದು ತಾಯಿಯ ಒಪ್ಪಿಗೆ. ಮನೆಯವರನ್ನೆಲ್ಲ ಒಮ್ಮೆ ನೋಡಿ ಅಂದೇ ಹೇಳುತ್ತೇನೆ ಎಂದು ಆಕೆ ಫೋನಿನಲ್ಲಿ ತಿಳಿಸಿದ್ದರು. ಅದನ್ನೂ ಇಂಗ್ಲಿಷಿನಲ್ಲಿ, ಒಂದು ತಪ್ಪೂ ಇಲ್ಲದೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಇಂಗ್ಲಿಷ್ ನನಗೆ ಹೊಸದಲ್ಲ. ನನ್ನ ಭಯ ಉಳಿದವರದು. ನಾವು ಗೌಡರು, ನಮ್ಮ ಮನೆಮಾತು ಅರೆಭಾಷೆ. ಅದರಲ್ಲಿ 'ಇದೆ' ಎನ್ನುವುದಕ್ಕೆ 'ಉಟ್ಟು', 'ಇಲ್ಲ' ಎನ್ನುವುದಕ್ಕೆ 'ಇಲ್ಲೆ' ಎನ್ನುತ್ತಾರೆ. ಹಾಲು ಉಟ್ಟು, ಅನ್ನ ಉಟ್ಟು, ನೆಂಟರು ಬರುವುದು ಉಟ್ಟು. ಮೈಸೂರಿನವರ ಕಿವಿಗೆ ಇದೆಲ್ಲ ಬಟ್ಟೆಯ ಮಾತು. ಬರುವವರೂ ನಮ್ಮ ಜನವೇ, ಆದರೆ ಮೈಸೂರು ಸೇರಿ ಹಳಬರಾದವರು, ಮನೆಮಾತು ಮರೆತೇ ಹೋಗಿರಬೇಕು ಎಂದು ನಾನು ಲೆಕ್ಕ ಹಾಕಿದೆ. ಆದ್ದರಿಂದ ಆ ದಿನ ಅರೆಭಾಷೆ ಬಂದ್ ಎಂದು ಮನೆಯಲ್ಲಿ ಹೇಳಿಟ್ಟಿದ್ದೆ. ಅಡುಗೆಮನೆಯಲ್ಲೂ ಬೇಡ ಎಂದಿದ್ದೆ.

ತಿಂಡಿ ಚೆನ್ನಾಗಿಯೇ ಮುಗಿಯಿತು. ಊಟ ಎಷ್ಟು ಹೊತ್ತಿಗೆ, ಟೀ ಯಾವ ಕಪ್ಪಿನಲ್ಲಿ ಎಲ್ಲವನ್ನೂ ಮೊದಲೇ ಯೋಚಿಸಿಟ್ಟಿದ್ದೆ. ಅಷ್ಟರಲ್ಲಿ ಆ ಹುಡುಗ, ಇಲ್ಲೆಲ್ಲ ಆನೆ ಕಾಣಸಿಗುತ್ತದೆಯೇ ಅಂಕಲ್ ಎಂದು ಸುಮ್ಮನೆ ಕೇಳಿದ. ನಮ್ಮವರು ಕುರ್ಚಿ ಹಿಂದೆ ತಳ್ಳಿ ಎದ್ದೇಬಿಟ್ಟರು. ಮಳೆ ಬಿಟ್ಟಿದೆ, ತಿತಿಮತಿ ಕಾಡಿನ ಕಡೆ ಒಂದು ರೌಂಡ್ ಹೋಗಿಬರುವ ಎಂದರು. ಬೀಗಿತ್ತಿಯಾಗಬೇಕಾಗಿದ್ದ ಆಕೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಒಟ್ಟಿಗೆ "ಹೌ ನೈಸ್" ಎಂದೆವು.

ಅಂಗಳಕ್ಕೆ ಬಂದಾಗ ನಮ್ಮ ನಾಯಿ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತಿತ್ತು. ಇದಕ್ಕೆ ಇಂಗ್ಲಿಷಿನಲ್ಲೇ ಟ್ರೈನಿಂಗ್ ಕೊಟ್ಟಿದ್ದೇವೆ ಎಂದು ಬೀಗಿತ್ತಿಗೆ ಹೇಳಿ, ನಾನು "ಗೆಟ್ ಡೌನ್" ಎಂದೆ. ಅದು ಬಾಲ ಅಲ್ಲಾಡಿಸಿತು. ಇನ್ನೊಮ್ಮೆ, ಹಿಂದೆ 'ಪ್ಲೀಸ್' ಸೇರಿಸಿ ಹೇಳಿದೆ. ಅದು ಮೈಚಾಚಿ ಮಲಗಿತು. ಆಮೇಲೆ ನಮ್ಮವರು ಅದರ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿದರು. ನಾಯಿ ಜಿಗಿದು ಇಳಿದು, ಬಾಲ ಮುದುರಿಕೊಂಡು ಕೊಟ್ಟಿಗೆಯ ಕಡೆ ಓಡಿತು.

ಅಂಕಲ್ ಏನು ಹೇಳಿದರು ಎಂದು ಹುಡುಗ ಕೇಳಿದ. ಫ್ರೆಂಚ್ ಎಂದಳು ನನ್ನ ಮಗಳು.

ಬುಟ್ಟಿ

ಬೀಗಿತ್ತಿ ಮುಂದೆ ನಮ್ಮವರ ಪಕ್ಕ ಕುಳಿತರು. ಹಿಂದಿನ ಎದುರುಬದುರು ಸೀಟುಗಳಲ್ಲಿ ಒಂದು ಕಡೆ ನಾನೂ ನನ್ನ ಅತ್ತೆಯೂ, ಇನ್ನೊಂದು ಕಡೆ ಮಗಳೂ ಹುಡುಗನೂ. ಅತ್ತೆ ಮಡಿಲಲ್ಲಿ ಒಂದು ಬಟ್ಟೆಚೀಲವನ್ನು ಮಗುವಿನ ಹಾಗೆ ತಬ್ಬಿಕೊಂಡಿದ್ದರು. ಅದರಲ್ಲೇನಿದೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಮಡಿಕೇರಿ ದಾಟಿ ಮೂರ್ನಾಡಿನ ಕಡೆ ಇಳಿಯುವಾಗ ಬೆಟ್ಟಗಳು ತೊಳೆದಿಟ್ಟ ಹಾಗಿದ್ದವು. ನಮ್ಮವರು ಗೈಡ್ ಆದರು. ನನಗೆ ಕೊಟ್ಟ ಮಾತು ನೆನಪಿದ್ದುದರಿಂದ ಅವರ ನಾಲಿಗೆ ಪ್ರತಿ ಸಲವೂ ಮಧ್ಯದಲ್ಲಿ ಬ್ರೇಕ್ ಹಾಕುತ್ತಿತ್ತು. "ಆಚೆ ಒಂದು ಹೊಳೆ ಉ... ಇದೆ. ಅದರ ಮೇಲೆ ಹಳೇ ಸೇತುವೆ ಉ... ಇದೆ." ಹುಡುಗ ಬಹಳ ಮರ್ಯಾದೆಯಿಂದ, ಉಯಿದೆ ಅಂದರೆ ಹಳಗನ್ನಡವೇ ಆಂಟಿ ಎಂದು ನನ್ನನ್ನು ಕೇಳಿದ. ಹೌದು ಎಂದೆ. ಇನ್ನೇನು ಹೇಳಲಿ?

ಅದಕ್ಕಿಂತ ಕೆಟ್ಟದ್ದು ವಿರಾಜಪೇಟೆಯ ಹತ್ತಿರ ಆಯಿತು. ಅತ್ತೆ ನನ್ನ ಮಗಳ ಗಲ್ಲ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ನಮ್ಮ ಗೂಡೆ ಒಳ್ಳೆ ಗೂಡೆ. ನಾನೇ ಸಾಕಿದ್ದು" ಎಂದುಬಿಟ್ಟರು. ಗೂಡೆ ಎಂದರೆ ನಮ್ಮಲ್ಲಿ ಹುಡುಗಿ. ಬೇರೆಯವರಿಗೆ ಅದು ಬುಟ್ಟಿ.

ಬೀಗಿತ್ತಿ ತಟ್ಟನೆ ಹಿಂದಕ್ಕೆ ತಿರುಗಿದರು. "ಬುಟ್ಟಿಯೇ? ಯಾವ ಬುಟ್ಟಿ?" ಎಂದು ಅತ್ಯಂತ ಶುದ್ಧವಾದ ಕನ್ನಡದಲ್ಲಿ ಕೇಳಿದರು.

ಅತ್ತೆಯವರಿಗೆ ಬುಟ್ಟಿ ಹೆಣೆಯುವ ಹವ್ಯಾಸ ಎಂದು ನನ್ನ ಬಾಯಿಂದ ಬಂದುಹೋಯಿತು. ಬಹಳ ಒಳ್ಳೆಯ ಕಲೆ ಎಂದು ಬೀಗಿತ್ತಿ ತಲೆದೂಗಿದರು. ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಮುಂದಿದೆ. ಅತ್ತೆಯದು ದೊಡ್ಡ ಮನೆ, ಆಳುಕಾಳು ಇದ್ದ ಮನೆ. ಹುಟ್ಟಿದ ಮೇಲೆ ಒಂದು ಬುಟ್ಟಿಯನ್ನು ಎತ್ತಿಯೂ ಗೊತ್ತಿಲ್ಲದವರು. ನನ್ನ ಕಿವಿಯಲ್ಲಿ, ಇನ್ನು ಇವತ್ತು ತಾನು ಬಾಯಿ ತೆರೆಯುವುದಿಲ್ಲ ಎಂದರು. ನನಗೂ ಅದೇ ಬೇಕಿತ್ತು. ದಯವಿಟ್ಟು ಹಾಗೇ ಮಾಡಿ ಅತ್ತೆ ಎಂದೆ.

ಮಗಳು ಎದುರು ಸೀಟಿನಿಂದ, "ಅಜ್ಜಿ, ನನಗೂ ಒಂದು ಹೆಣೆದುಕೊಡಿ" ಎಂದಳು.

ನ್ಯಾಪ್ಕಿನ್

ಬಿಟ್ಟಂಗಾಲದ ಹತ್ತಿರ ಬರುವಷ್ಟರಲ್ಲಿ ಜೀಪಿನಲ್ಲಿ ಒಂದು ವಾಸನೆ ಎದ್ದಿತು. ಮೂಗಿಗೆ ತಾಗಿದ ಕೂಡಲೆ ಚೀಲದಲ್ಲೇನಿದೆ ಎಂದು ನನಗೆ ಗೊತ್ತಾಯಿತು. ಕಣಿಲೆ. ಎಳೆಬಿದಿರನ್ನು ಹೆಚ್ಚಿ, ನೀರಿನಲ್ಲಿ ಹುಳಿ ಬರುವವರೆಗೆ ನೆನೆಸಿ ಮಾಡುವ ಸಾರು. ತಿನ್ನುವಾಗ ಅಮೃತ, ಮುಚ್ಚಿಟ್ಟರೆ ಸುತ್ತಮುತ್ತಲಿಗೆಲ್ಲ ಸುದ್ದಿ. ಹೊರಡುವ ಗಡಿಬಿಡಿಯಲ್ಲಿ ಅತ್ತೆ ಅದನ್ನೂ ಅಕ್ಕಿರೊಟ್ಟಿಯನ್ನೂ ಟಿಫಿನ್ ಕ್ಯಾರಿಯರಿಗೆ ತುಂಬಿಸಿಕೊಂಡಿದ್ದರು.

ಬೀಗಿತ್ತಿ ಮೂಗೇರಿಸಿ, ಅದೇನು ವಾಸನೆ ಎಂದು ಕೇಳಿದರು. ಜೀಪಿನಲ್ಲಿ ಗೊಬ್ಬರ ಸಾಗಿಸುತ್ತಾರೆ, ಅದರದ್ದು ಎಂದೆ. ಓಹೋ ಎಂದರು. ಗೋಣಿಕೊಪ್ಪದಲ್ಲಿ ಇನ್ನೊಮ್ಮೆ ಕೇಳಿದರು. ಅಲ್ಲಿಂದ ಮುಂದೆ ಹೋದ ಮೇಲೆ, ಯಾವ ಗೊಬ್ಬರ ಎಂದೂ ಕೇಳಿದರು. ಇಷ್ಟು ಸಲ ಕೇಳುವಷ್ಟು ಅಸಹ್ಯವಾಯಿತಲ್ಲ ಎಂದು ನಾನು ಮೈಯೆಲ್ಲ ಹಿಡಿಯಾದೆ. ಎದುರು ಕುಳಿತ ಮಗಳು ಈಗ ನಗುತ್ತಿರಲಿಲ್ಲ. ಹುಡುಗನ ತಾಯಿಯ ಬೆನ್ನನ್ನೇ ನೋಡುತ್ತಿದ್ದಳು.

ನನ್ನ ಬುಟ್ಟಿಯಲ್ಲಿ ಸೌತೆಕಾಯಿ ಸ್ಯಾಂಡ್‌ವಿಚ್ ಇತ್ತು. ಈ ಬುಟ್ಟಿ ನಿಜವಾದ ಬುಟ್ಟಿ. ಅಂಚು ಕತ್ತರಿಸಿ, ತ್ರಿಕೋನ ಮಾಡಿ, ಜೊತೆಗೆ ಇಸ್ತ್ರಿ ಮಾಡಿದ ಬಿಳಿ ನ್ಯಾಪ್ಕಿನ್ನುಗಳನ್ನು ಇಟ್ಟಿದ್ದೆ. ತಿತಿಮತಿಗೆ ಮುಂಚೆ ಒಂದು ತೋಟದ ಗೇಟಿನ ಹತ್ತಿರ ಜೀಪು ನಿಲ್ಲಿಸಿ, ಮೋರಿಯ ಕಟ್ಟೆಯ ಮೇಲೆ ಎಲ್ಲವನ್ನೂ ಜೋಡಿಸಿದೆ. ಈಗಲಾದರೂ ನಮ್ಮ ಮನೆಯ ರೀತಿ ಏನೆಂದು ಇವರಿಗೆ ತಿಳಿಯಲಿ ಎಂದು ನ್ಯಾಪ್ಕಿನ್ ಬಿಡಿಸುವ ಹೊತ್ತಿಗೆ ಮರದಿಂದ ಮಂಗಗಳು ಇಳಿದವು.

ನಮ್ಮವರು ಛತ್ರಿ ಹಿಡಿದು ಓಡುವಷ್ಟರಲ್ಲಿ ಸ್ಯಾಂಡ್‌ವಿಚ್ಚೂ ನ್ಯಾಪ್ಕಿನ್ನುಗಳೂ ಮರ ಹತ್ತಿಯಾಗಿತ್ತು. ಒಂದು ದೊಡ್ಡ ಮಂಗ ಮಾತ್ರ ಗೇಟಿನ ಕಂಬದ ಮೇಲೆ ನೆಟ್ಟಗೆ ಕುಳಿತು, ಸ್ಯಾಂಡ್‌ವಿಚ್ ಬಿಡಿಸಿ, ಸೌತೆಕಾಯಿ ತಿಂದು, ಬ್ರೆಡ್ಡನ್ನು ನನ್ನ ಕಾಲಬುಡಕ್ಕೆ ಎಸೆಯಿತು. ಆ ಪ್ರಯಾಣದಲ್ಲಿ ನನ್ನ ನ್ಯಾಪ್ಕಿನ್ನನ್ನು ಮಡಿಲ ಮೇಲೆ ಹಾಸಿಕೊಂಡು ತಿಂದದ್ದು ಅದೊಂದೇ.

ಲಂಟಾನದ ಹಿಂದೆ

ಹಸಿದ ಹೊಟ್ಟೆಯಲ್ಲೇ ಕಾಡಿನಂಚಿಗೆ ಬಂದೆವು. ಇದ್ದಕ್ಕಿದ್ದಂತೆ ನಮ್ಮವರು ಜೀಪು ನಿಲ್ಲಿಸಿ ಕೈ ಎತ್ತಿದರು. ಲಂಟಾನದ ಪೊದೆಯ ಹಿಂದೆ ಬೂದುಬಣ್ಣದ ದೊಡ್ಡ ಬೆನ್ನು. ಪಕ್ಕದಲ್ಲಿ ಕಿವಿಯಂಥದ್ದು ನಿಧಾನವಾಗಿ ಬೀಸುತ್ತಿತ್ತು. ಇಂಥ ಹೊತ್ತಿನಲ್ಲಿ ವ್ಯಾಕರಣ ಎಲ್ಲಿ ನೆನಪಿರುತ್ತದೆ! "ಆನೆ ಉಟ್ಟು," ಎಂದು ನಮ್ಮವರು ಪಿಸುಗುಟ್ಟಿದರು.

ಹುಡುಗ ಫೋನ್ ಹಿಡಿದು ವಿಡಿಯೋ ಶುರುಮಾಡಿದ. ನಮ್ಮವರು ಮೆಲ್ಲನೆ ವಿವರಣೆ ಕೊಡತೊಡಗಿದರು. ಇದು ಒಂಟಿ, ವಯಸ್ಸಾಗಿದೆ, ಗುಂಪಿನಿಂದ ಹೊರಗೆ ಹಾಕಿದ್ದಾರೆ, ಸ್ವಭಾವ ಸ್ವಲ್ಪ ಮುಂಗೋಪ. ನಾನು ಉಸಿರು ಬಿಗಿಹಿಡಿದಿದ್ದೆ. ಕೊನೆಗೂ ನಮ್ಮ ಮನೆಯವರು ಹೇಳಿದ್ದೊಂದು ನಿಜವಾಯಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಗಿತ್ತು.

ಆಗ ಪೊದೆಯ ಆಚೆಯಿಂದ ಒಬ್ಬ ಹೆಂಗಸು ಬಂದಳು. ಅವಳ ಕೈಯಲ್ಲಿ ಬಕೆಟ್ ಇತ್ತು. ಬಕೆಟ್ಟಿನಿಂದ ಕೆಂಪು ಸೀರೆಯೊಂದನ್ನು ತೆಗೆದು, ಹಿಂಡಿ, ಕೊಡವಿ, ಆನೆಯ ಮೇಲೆ ಹರಡಿ ಹೋದಳು. ಸೌದೆರಾಶಿಗೆ ಹೊದಿಸಿದ ಟಾರ್ಪಾಲಿನ ಸಡಿಲ ಮೂಲೆ ಗಾಳಿಗೆ ಇನ್ನೂ ಕಿವಿಯ ಹಾಗೆ ಬೀಸುತ್ತಲೇ ಇತ್ತು.

ಆಮೇಲೆ ಹುಡುಗ ಫೋನ್ ಕೆಳಗಿಳಿಸಿ, "ಅಂಕಲ್ ಸರಿಯಾಗಿಯೇ ಹೇಳಿದ್ದರು. ಆನೆ ಉಟ್ಟಿದೆ," ಎಂದ.

ಕ್ಯಾರಿಯರ್

ಕಾಡಿನ ರಸ್ತೆಗೆ ಹೊಕ್ಕಾಗ ನಾನು ಮನಸ್ಸಿನಲ್ಲೇ ಸಂಬಂಧದ ಆಸೆ ಬಿಟ್ಟಾಗಿತ್ತು. ಬೀಗಿತ್ತಿ ನೆಟ್ಟಗೆ ಮುಂದೆ ನೋಡುತ್ತ ಕುಳಿತಿದ್ದರು. ಮಗಳ ಕಣ್ಣು ತುಂಬಿತ್ತು. ಇನ್ನು ಒಂದು ತಪ್ಪೂ ಆಗಕೂಡದು, ಏನೇ ಬಂದರೂ ಸಮಾಧಾನವಾಗಿ, ಇಂಗ್ಲಿಷಿನಲ್ಲೇ ಎದುರಿಸಬೇಕು ಎಂದು ನಿಶ್ಚಯಿಸಿದೆ.

ತಿರುವಿನಲ್ಲಿ ಆನೆ ನಿಂತಿತ್ತು. ಈ ಸಲ ಟಾರ್ಪಾಲಲ್ಲ. ಹೆಣ್ಣಾನೆ, ಕಾಲಿನ ಸಂದಿಯಲ್ಲಿ ಮರಿ. ನಮ್ಮವರು ಬ್ರೇಕ್ ಹಾಕಿದ್ದರಿಂದ ಜೀಪಿನ ಇಂಜಿನ್ ಆಫ್ ಆಯಿತು. ಆನೆ ಕಿವಿ ಅಗಲಿಸಿ, ಸೊಂಡಿಲು ಎತ್ತಿ ಗಾಳಿ ಮೂಸಿತು. ಆಮೇಲೆ ಒಂದು ಹೆಜ್ಜೆ ನಮ್ಮ ಕಡೆಗೆ ಇಟ್ಟಿತು.

"ಪ್ಲೀಸ್ ರಿಮೇನ್ ಕಾಮ್" ಎನ್ನಲು ನಾನು ಬಾಯಿ ತೆರೆದೆ. ಬಂದದ್ದು ಬೇರೆ.

"ಅಯ್ಯೋ ಆನೆ ಉಟ್ಟು! ಮರಿನೂ ಉಟ್ಟು! ಹಿಂದೆ ಹೋಗಿ, ಹಿಂದೆ ಹೋಗಿ!"

ಆ ಮಾತು ಮುಗಿಯುವ ಮೊದಲೇ ಇನ್ನೊಂದು ದನಿ, ನನಗಿಂತಲೂ ಜೋರಾಗಿ ಕೂಗಿತು. "ಹಿಂದೆ ದಾರಿ ಉಟ್ಟಾ ನೋಡಿ ಮೊದ್ಲು!"

ಅದು ನನ್ನ ಅತ್ತೆಯದಲ್ಲ. ಅತ್ತೆ ತುಟಿ ಬಿಗಿದು ಕುಳಿತಿದ್ದರು. ಮಗಳದೂ ಅಲ್ಲ. ದನಿ ಬಂದದ್ದು ಮುಂದಿನ ಸೀಟಿನಿಂದ.

ಆನೆ ನಮ್ಮಿಬ್ಬರನ್ನೂ ಒಮ್ಮೆ ನೋಡಿತು. ಇಂಥ ಹೆಂಗಸರ ಮಧ್ಯೆ ಮರಿಯನ್ನು ಬೆಳೆಸುವುದು ಸರಿಯಲ್ಲ ಎಂದುಕೊಂಡಿತೋ ಏನೋ, ಮರಿಯನ್ನು ಸೊಂಡಿಲಿನಿಂದ ತಳ್ಳಿಕೊಂಡು ಬಿದಿರಿನೊಳಗೆ ಹೋಗಿಬಿಟ್ಟಿತು. ನಮ್ಮವರು ಇಂಜಿನ್ ಶುರುಮಾಡಿ, ಕಾಡು ದಾಟುವವರೆಗೂ ಉಸಿರಾಡಲಿಲ್ಲ. ಬಯಲಿಗೆ ಬಂದು ಒಂದು ಆಲದ ಮರದ ಕೆಳಗೆ ಜೀಪು ನಿಂತಾಗ, ಬೀಗಿತ್ತಿ ನಿಧಾನವಾಗಿ ಹಿಂದಕ್ಕೆ ತಿರುಗಿದರು. ಅವರ ಮುಖ ನನ್ನ ಮುಖದಷ್ಟೇ ಕೆಂಪಾಗಿತ್ತು.

ಅಮ್ಮ, ನಿಮಗೆ ಈ ಭಾಷೆ ಬರುತ್ತದೆಯೇ ಎಂದು ಅವರ ಮಗ ಕೇಳಿದ.

ಅವರ ತವರು ಸುಳ್ಯದ ಕಡೆ. ಹುಟ್ಟಿದಾಗಿನಿಂದ ಆಡಿದ ಮಾತೇ ಅದು. ಮೈಸೂರಿಗೆ ಸೊಸೆಯಾಗಿ ಬಂದ ಮೇಲೆ ಮಗನ ಎದುರಿಗೂ ಬಿಟ್ಟಿದ್ದರು. ಹುಡುಗಿಯ ತಾಯಿ ಕಾನ್ವೆಂಟಿನವರು, ಫೋನಿನಲ್ಲೇ ಅಷ್ಟು ಇಂಗ್ಲಿಷ್ ಮಾತಾಡುತ್ತಾರೆ, ಒಂದು ಅರೆಭಾಷೆಯ ಶಬ್ದ ಬಿದ್ದರೆ ಹಳ್ಳಿಯವರು ಎಂದು ಮಗನನ್ನು ತಿರಸ್ಕರಿಸಿಬಿಟ್ಟಾರು ಎಂದು ಬೆಳಗಿನಿಂದ ನಾಲಿಗೆ ಕಚ್ಚಿಕೊಂಡು ಕುಳಿತಿದ್ದರಂತೆ. ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲವಂತೆ.

ನಾನು ಅತ್ತೆಯ ಕಡೆ ತಿರುಗಿದೆ. ಅವರ ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ.

"ನಿಮಗೆ ಮೊದಲೇ ಗೊತ್ತಿತ್ತಾ ಅತ್ತೆ?"

"ಇವಳ ಅಪ್ಪ ನಮ್ಮ ಮದುವೆಗೆ ಬಂದಿದ್ದ," ಎಂದರು ಅತ್ತೆ. ಬೆಳಗ್ಗೆ ಆಕೆ ಜಗಲಿ ಹತ್ತುವಾಗಲೇ ಅಪ್ಪನದೇ ಮೂಗು ನೋಡಿ ಗುರುತು ಹಿಡಿದಿದ್ದರಂತೆ.

ಹೇಳಬಾರದಿತ್ತೇ ಎಂದೆ.

"ಬುಟ್ಟಿ ಹೆಣೆಯೋರು ಮಧ್ಯೆ ಮಾತಾಡ್ಬಾರದಲ್ಲಾ."

ಬೀಗಿತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ನಕ್ಕು ಸುಧಾರಿಸಿಕೊಂಡು, ನನ್ನ ಮಗಳ ಕೈ ಹಿಡಿದು, ಈ ಬುಟ್ಟಿ ನಮ್ಮ ಮನೆಗೇ ಬರಲಿ ಎಂದರು. ಮಗಳು ಸರಿಪಡಿಸಲು ಸುತ್ತಲೂ ಒಂದು ಕರ್ಟನ್ ಹುಡುಕಿದಳು. ಜೀಪಿನಲ್ಲಿ ಅದೂ ಇರಲಿಲ್ಲ.

ಆಮೇಲೆ ಬೀಗಿತ್ತಿ ಅತ್ತೆಯ ಮಡಿಲಿನ ಚೀಲವನ್ನು ನೋಡುತ್ತ, ದನಿ ತಗ್ಗಿಸಿ ಕೇಳಿದರು.

"ಅಮ್ಮ, ಬಿಟ್ಟಂಗಾಲದಿಂದ ಕೇಳ್ತಾನೇ ಬಂದೆ. ಆ ಗೊಬ್ಬರ ಸ್ವಲ್ಪ ಉಟ್ಟಾ?"

ಅತ್ತೆ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ನನ್ನ ಕಡೆ ಬೆರಳು ತೋರಿಸಿದರು. ನಮ್ಮವರು ಸ್ಟೀರಿಂಗಿನ ಮೇಲೆ ಗಲ್ಲ ಊರಿ ಕಾಯುತ್ತಿದ್ದರು. ಮಗಳೂ ಅಳಿಯನಾಗುವವನೂ ನನ್ನ ಬಾಯನ್ನೇ ನೋಡುತ್ತಿದ್ದರು. ಹಸಿವಿಗಿಂತ ಹೆಚ್ಚಾಗಿ, ನಾನು ಯಾವ ಭಾಷೆಯಲ್ಲಿ ಹೇಳುತ್ತೇನೆ ಎಂಬ ಕುತೂಹಲವೇ ಎಲ್ಲರಿಗೂ.

ನಾನು ಸೆರಗು ಸರಿಪಡಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತೆ.

"ಉಟ್ಟು," ಎಂದೆ. "ಆದರೆ ನ್ಯಾಪ್ಕಿನ್ ಇಲ್ಲೆ."