ಇರ್ಯಾ ಕೆಟ್ಟುನೆನ್ ಮನೆಯ ಅಧಿಕೃತ ಉಷ್ಣತೆ

ಕೆಲ್ಲೊಹೊಂಕಾ ವಸತಿ ಸಂಘದ ನಿಯಮಾವಳಿಯ ಹನ್ನೊಂದನೆಯ ಕಲಮಿನ ಪ್ರಕಾರ, ಒಂದು ಮನೆಯ ಉಷ್ಣತೆ ಎಂದರೆ ಆ ಮನೆಯ ಗೋಡೆಗೆ ಸಂಘವು ಅಳವಡಿಸಿರುವ ಥರ್ಮೋಸ್ಟ್ಯಾಟ್ ತೋರಿಸುವ ಅಂಕಿ. ನಿವಾಸಿಗೆ ಚಳಿಯಾಗುವುದು, ಸೆಖೆಯಾಗುವುದು ಇವೆಲ್ಲ ನಿವಾಸಿಯ ಖಾಸಗಿ ವಿಚಾರ. ಅದರಲ್ಲಿ ಸಂಘ ಮೂಗು ತೂರಿಸುವುದಿಲ್ಲ. ಪೂರ್ವ ಫಿನ್ಲೆಂಡಿನ ಆ ನಾಲ್ಕಂತಸ್ತಿನ ಕಟ್ಟಡದಲ್ಲಿದ್ದ ಇಪ್ಪತ್ತೆರಡು ಸಂಸಾರಗಳೂ ಈ ಕಲಮಿಗೆ ಒಪ್ಪಿ ಸಹಿ ಹಾಕಿದ್ದವು. ನೆಲ ಅಂತಸ್ತಿನ ಒಂದನೇ ನಂಬರಿನ ಇರ್ಯಾ ಕೆಟ್ಟುನೆನ್ ಕೂಡ ಹಾಕಿದ್ದಳು. ಆಗ ಬೇಸಿಗೆಯಾಗಿತ್ತು.

ನವೆಂಬರ್ ಹೊತ್ತಿಗೆ ಇರ್ಯಾ ಎರಡು ಸ್ವೆಟರು, ಅದರ ಮೇಲೆ ತೀರಿಹೋದ ಗಂಡನ ಮೀನು ಹಿಡಿಯುವ ಕೋಟು ಹಾಕಿಕೊಂಡು ಮನೆಯೊಳಗೆ ಓಡಾಡುತ್ತಿದ್ದಳು. ಥರ್ಮೋಸ್ಟ್ಯಾಟ್ ಇಪ್ಪತ್ತನಾಲ್ಕು ಡಿಗ್ರಿ ತೋರಿಸುತ್ತಿತ್ತು. ಅಂಚೆ ಕಚೇರಿಯಲ್ಲಿ ಮೂವತ್ತೊಂಬತ್ತು ವರ್ಷ ಕಾಗದ ವಿಂಗಡಿಸಿದವಳು ಆಕೆ, ತನ್ನೊಬ್ಬಳದೇ ಆಗಿದ್ದರೆ ಚಳಿಯನ್ನು ತೆಪ್ಪಗೆ ಸಹಿಸಿಕೊಳ್ಳುತ್ತಿದ್ದಳು. ಆದರೆ ಮಗಳು ರಿಕ್ಕಾ ಹೊಸ ವರ್ಷಕ್ಕೆ ಮತ್ತೆ ಕೆಲಸಕ್ಕೆ ಸೇರುವವಳಿದ್ದಳು. ಹತ್ತು ತಿಂಗಳ ಮೊಮ್ಮಗಳು ಲುಮಿಯನ್ನು ಹಗಲು ಹೊತ್ತು ಅಜ್ಜಿಯ ಹತ್ತಿರ ಬಿಡಬೇಕೆಂಬ ಮಾತಾಗಿತ್ತು. ರಿಕ್ಕಾಳ ಷರತ್ತು ಒಂದೇ: ಶಿಶು ಆರೋಗ್ಯ ಕೇಂದ್ರದ ದಾದಿ ಬಂದು ಮನೆ ನೋಡಿ ಸರಿ ಅನ್ನಬೇಕು. ಇರ್ಯಾ ಆಗಲೇ ನೆಲಮಾಳಿಗೆಯಿಂದ ಹಳೇ ತೊಟ್ಟಿಲು ತಂದು ತಿಕ್ಕಿ ತೊಳೆದಿದ್ದಳು. ಆ ಮಗುವೆಂದರೆ ಆಕೆಗೆ ಪ್ರಾಣ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಆದ್ದರಿಂದ ಆಕೆ ಥರ್ಮೋಸ್ಟ್ಯಾಟಿನ ಜೊತೆ ಬಂದ ಪುಸ್ತಿಕೆಯನ್ನು ಕನ್ನಡಕ ಏರಿಸಿ ಓದಿದಳು. ಅದರಲ್ಲಿ ಹೇಳಿದಂತೆ ಮುಚ್ಚಳ ತೆಗೆದು ಧೂಳು ಒರೆಸಿದಳು, ಹೊಸ ಬ್ಯಾಟರಿ ಹಾಕಿದಳು, ಪೆಟ್ಟಿಗೆ ಸೊಟ್ಟಗಿದೆಯೇ ಎಂದು ಮರಗೆಲಸದ ಮಟ್ಟಗೋಲು ಇಟ್ಟು ನೋಡಿದಳು. ಕೋಣೆಯ ನಡುವೆ ಕುರ್ಚಿಯ ಮೇಲೆ ಬೇರೊಂದು ಥರ್ಮಾಮೀಟರ್ ಇಟ್ಟಳು. ಅದು ಹದಿನೈದು ತೋರಿಸಿತು. ಗುರುವಾರ, ಶನಿವಾರ ಮಾತ್ರ ಗೋಡೆಯ ಪೆಟ್ಟಿಗೆ ಇಪ್ಪತ್ತೊಂಬತ್ತಕ್ಕೆ ಏರುತ್ತಿತ್ತು, ಕುರ್ಚಿಯದು ಹದಿಮೂರಕ್ಕೆ ಇಳಿಯುತ್ತಿತ್ತು. ಆ ಎರಡು ದಿನ ಕಟ್ಟಡದವರೆಲ್ಲ ಸರದಿಯಲ್ಲಿ ಸೌನಾ ಎಂಬ ಬಿಸಿಹಬೆಯ ಕೋಣೆಯಲ್ಲಿ ಕೂತು ಬೆವರುವ ದಿನ. ಸೌನಾದ ಒಲೆ ಇದ್ದದ್ದು ಅದೇ ಗೋಡೆಯ ಆಚೆ ಬದಿಗೆ. ಗೋಡೆ ಕಾದಾಗ ಥರ್ಮೋಸ್ಟ್ಯಾಟ್ ಮನೆಯೇ ಕಾದಿದೆ ಎಂದು ನಂಬಿ, ಕೋಣೆ ಬೆಚ್ಚಗಿಡುವ ರೇಡಿಯೇಟರಿಗೆ ಬರುವ ಬಿಸಿನೀರನ್ನು ನಿಲ್ಲಿಸಿಬಿಡುತ್ತಿತ್ತು.

ಅಳವಡಿಸಿದವನದೇನೂ ತಪ್ಪಿಲ್ಲ. ಆತ ಬಂದದ್ದು ಜುಲೈನಲ್ಲಿ. ಜುಲೈನಲ್ಲಿ ಇಡೀ ಊರು ಕೆರೆದಂಡೆಯ ತನ್ನ ತನ್ನ ಬೇಸಿಗೆ ಗುಡಿಸಲಿಗೆ ಹೋಗಿ ಅಲ್ಲಿಯ ಸೌನಾದಲ್ಲಿ ಕೂತಿರುತ್ತದೆ. ಖಾಲಿ ಕಟ್ಟಡದಲ್ಲಿ ಆತ ಪ್ರತಿ ಗೋಡೆಯನ್ನೂ ಮುಟ್ಟಿ ನೋಡಿ, ಎಲ್ಲಕ್ಕಿಂತ ತಣ್ಣಗಿದ್ದದ್ದನ್ನು ಆರಿಸಿ ಮೊಳೆ ಹೊಡೆದಿದ್ದ.

ದೂರು ಕೊಟ್ಟ ಮೇಲೆ ಕಟ್ಟಡದ ದುರಸ್ತಿ ನೋಡಿಕೊಳ್ಳುವ ಯೊರ್ಮಾ ಬಂದ. ಗೋಡೆಯ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತ. ಅವನ ಕೈಗೂ ಚಳಿಯಾಗಿತ್ತೆಂದು ಕಾಣುತ್ತದೆ.

“ಗೋಡೆ ಬಿಸಿ ಇದೆ,” ಅಂದ.

“ಆ ಕಡೆ ಸೌನಾದ ಒಲೆ ಇದೆಯಲ್ಲ, ಯೊರ್ಮಾ.”

“ಇದೆ. ಹಾಗಾದ್ರೆ ಯಂತ್ರ ಸರಿಯಾಗೇ ಇದೆ. ಗೋಡೆ ಎಷ್ಟು ಬಿಸಿಯೋ ಅಷ್ಟೇ ತೋರಿಸ್ತಿದೆ.”

“ನಾನು ಗೋಡೆಯೊಳಗೆ ವಾಸ ಮಾಡಲ್ವಲ್ಲಪ್ಪ.”

ಯೊರ್ಮಾ ಇದನ್ನು ಯೋಚಿಸಿದ. ಆಮೇಲೆ ವರದಿಯಲ್ಲಿ ಬರೆದ: “ಥರ್ಮೋಸ್ಟ್ಯಾಟ್ ನಿಖರವಾಗಿದೆ. ನಿವಾಸಿಯು ತಪ್ಪು ಜಾಗದಲ್ಲಿ ಕುಳಿತುಕೊಳ್ಳುತ್ತಾರೆ.”

ವರದಿ ಸಂಘದ ಆಡಳಿತ ಮಂಡಳಿಗೆ ಹೋಯಿತು. ಕಾಫಿ, ಏಲಕ್ಕಿ ಬನ್ನುಗಳ ಸಮ್ಮುಖದಲ್ಲಿ ಸಭೆ ಸೇರಿತು. ಅಧ್ಯಕ್ಷ ತೈಸ್ತೊ ಲಂಪಿನೆನ್, ನಿವೃತ್ತ ರೈಲ್ವೆ ಅಧಿಕಾರಿ, ವಿಷಯವನ್ನು ಬಿಡಿಸಿ ಹೇಳಿದ. ಪೆಟ್ಟಿಗೆಯನ್ನು ಬೇರೆ ಗೋಡೆಗೆ ಸರಿಸಬಹುದು, ಆದರೆ ಅದಕ್ಕೆ ಸೌನಾದ ಗೋಡೆಯ ತೇವದ ಬಗ್ಗೆ ತಜ್ಞರ ಅಧ್ಯಯನ ಬೇಕು, ಅಧ್ಯಯನಕ್ಕೆ ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕು, ಆ ಸಭೆ ಏಪ್ರಿಲ್‌ನಲ್ಲಿ. ಏಪ್ರಿಲ್‌ನಲ್ಲಿ ಹಿಮ ಕರಗುವುದರಿಂದ ಸಮಸ್ಯೆ ತಾನಾಗಿಯೇ ಬಗೆಹರಿಯುವ ಸಂಭವವೂ ಉಂಟು.

ದೂರು ಕೊಟ್ಟವಳೆಂದು ಸಭೆಗೆ ಬಂದಿದ್ದ ಇರ್ಯಾ ಮೆಲ್ಲಗೆ ಕೇಳಿದಳು, “ಅಲ್ಲಿಯವರೆಗೆ ಸೌನಾದ ಒಲೆ ಸ್ವಲ್ಪ ಕಡಿಮೆ ಉರಿಸಿದ್ರೆ?”

ಸೌನಾದ ಬೆಂಕಿ ತಗ್ಗಿಸುವ ಮಾತನ್ನು ಆ ಊರಿನಲ್ಲಿ ಯಾರೂ ಎತ್ತಿದ್ದಿಲ್ಲ. ಯಾರೋ ಬನ್ನನ್ನು ತಟ್ಟೆಗೆ ವಾಪಸ್ ಇಟ್ಟರು.

“ಇರ್ಯಾ,” ಅಂದ ತೈಸ್ತೊ ಕೊನೆಗೆ, “ನಿಮಗೆ ಮೈ ಸರಿಯಿಲ್ಲ ಅನ್ಸುತ್ತೆ. ನೀವು ಏನೂ ಹೇಳ್ಲಿಲ್ಲ, ನಾವು ಏನೂ ಕೇಳ್ಲಿಲ್ಲ.”

ನಡಾವಳಿಯಲ್ಲಿ ಆ ಜಾಗದಲ್ಲಿ “ಕಾಫಿ ಸೇವಿಸಲಾಯಿತು” ಎಂದು ಬರೆಯಲಾಗಿದೆ.

ಆದರೆ ತೈಸ್ತೊ ಅಂಕಿ ಅಂಶಗಳನ್ನು ಸುಮ್ಮನೆ ಬಿಡುವ ಆಸಾಮಿಯಲ್ಲ. ಕಡತ ಮುಚ್ಚುವ ಮುನ್ನ ಆತನ ಕಣ್ಣಿಗೆ ಒಂದು ಸಂಗತಿ ಬಿತ್ತು: ಇಡೀ ಕಟ್ಟಡದಲ್ಲಿ ಅತಿ ಬೆಚ್ಚಗಿನ ಮನೆ ಇರ್ಯಾಳದು, ಮತ್ತು ಅತಿ ಕಡಿಮೆ ಬಿಸಿನೀರು ಬಳಸುತ್ತಿರುವ ಮನೆಯೂ ಅದೇ. ಮೂರನೇ ದಿನ ಮೆಟ್ಟಿಲ ಬಳಿ ಪ್ರಕಟಣೆ ಅಂಟಿಸಲಾಯಿತು.

“ಸಮಸ್ತ ನಿವಾಸಿಗಳ ಗಮನಕ್ಕೆ. ಒಂದನೇ ನಂಬರಿನ ಮನೆಯ ಥರ್ಮೋಸ್ಟ್ಯಾಟ್ ತೋರಿರುವ ಅಸಾಧಾರಣ ಕಾರ್ಯಕ್ಷಮತೆಯನ್ನು ಪರಿಗಣಿಸಿ, ಇನ್ನು ಮುಂದೆ ಕಟ್ಟಡದ ಎಲ್ಲ ರೇಡಿಯೇಟರುಗಳನ್ನೂ ಅದರ ಅಧೀನಕ್ಕೆ ಒಪ್ಪಿಸಲಾಗಿದೆ. ಇದರಿಂದ ಪ್ರತಿಯೊಬ್ಬರೂ ಶ್ರೀಮತಿ ಕೆಟ್ಟುನೆನ್ ಅವರಷ್ಟೇ ಬೆಚ್ಚಗಿರುವರು.”

ಹಾಗೆಯೇ ಆಯಿತು. ಡಿಸೆಂಬರ್ ಎರಡನೇ ವಾರಕ್ಕೆ ಇಪ್ಪತ್ತೆರಡು ಸಂಸಾರಗಳೂ ಇರ್ಯಾಳಷ್ಟೇ ಬೆಚ್ಚಗಿದ್ದವು. ಮೂರನೇ ಅಂತಸ್ತಿನವರು ಮೆಟ್ಟಿಲಲ್ಲಿ ಸಿಕ್ಕಾಗ “ಸ್ವಲ್ಪ ತಂಪಿದೆ” ಅಂದರು. ಆ ಊರಿನಲ್ಲಿ ಅದು ಬೀದಿಗಿಳಿದು ಬೊಬ್ಬೆ ಹೊಡೆದಂತೆ. ಚಳಿ ತಡೆಯಲಾರದೆ ಜನ ಸೌನಾಕ್ಕೆ ಹೆಚ್ಚುವರಿ ಸರದಿ ಕೇಳಿದರು. ಒಲೆ ದಿನವೂ ಉರಿಯತೊಡಗಿತು. ಗೋಡೆ ಇನ್ನೂ ಕಾಯಿತು, ಪೆಟ್ಟಿಗೆ ಮೂವತ್ತೊಂದಕ್ಕೆ ಏರಿತು, ಬಿಸಿನೀರು ಪೂರ್ತಿ ನಿಂತಿತು, ಸರದಿ ಇನ್ನಷ್ಟು ಉದ್ದವಾಯಿತು. ಬಿಸಿನೀರು ಉಳಿಸಿದ್ದಕ್ಕೆ ವಸತಿ ಸಂಘಗಳ ಒಕ್ಕೂಟ ಒಂದು ಪ್ರಶಸ್ತಿಪತ್ರ ಕೊಟ್ಟಿತು. ಅಧಿಕೃತವಾಗಿ ಮೂವತ್ತೊಂದು ಡಿಗ್ರಿ ಇದ್ದ ಕಾರಣ ತೈಸ್ತೊ ಕೋಟು ಕಳಚಿ, ಅಂಗಿಯ ತೋಳು ಮಡಚಿ ಅದನ್ನು ಸ್ವೀಕರಿಸಿದ. ಫೋಟೋ ಸ್ವಲ್ಪ ಅಲುಗಾಡಿದೆ. ಫೋಟೋ ತೆಗೆದವನೂ ಕೋಟು ಕಳಚಿದ್ದ.

ಇರ್ಯಾ ಮಾತ್ರ ಒಳಗೊಳಗೇ ಹಿಗ್ಗಿದ್ದಳು. ಹೊಸ ವರ್ಷಕ್ಕೆ ನಾಲ್ಕು ದಿನವಿರುವಾಗ ದಾದಿ ಬರುವವಳಿದ್ದಳು. ಹೊರಗಿನವಳು, ಸಂಘದ ಹಂಗಿಲ್ಲದವಳು. ಆಕೆ ಒಂದು ಸಲ ಕಣ್ಣಾರೆ ನೋಡಿ ಈ ಮನೆ ಕೊರೆಯುತ್ತಿದೆ ಎಂದು ಕಾಗದದ ಮೇಲೆ ಬರೆದರೆ ಸಾಕು, ಮಂಡಳಿ ಮಾರನೇ ದಿನವೇ ಪೆಟ್ಟಿಗೆ ಸರಿಸದೆ ವಿಧಿಯಿಲ್ಲ.

ದಾದಿ ಹೆನ್ನಾ ಬಂದಳು. ಹಿಂದೆ ರಿಕ್ಕಾ, ಅವಳ ಕಂಕುಳಲ್ಲಿ ಉಣ್ಣೆಯ ಉಂಡೆಯಾಗಿ ಲುಮಿ. ಹೊರಗೆ ಕಾಣುತ್ತಿದ್ದದ್ದು ಕೆಂಪು ಮೂಗೊಂದೇ. ಕುರ್ಚಿಯ ಥರ್ಮಾಮೀಟರ್ ಹನ್ನೊಂದಕ್ಕೆ ಇಳಿದಿತ್ತು. ಹೆನ್ನಾ ಕೈಗವಸು ತೆಗೆಯದೆಯೇ ಗೋಡೆಯ ಬಳಿ ಹೋಗಿ ಅಂಕಿ ನೋಡಿದಳು, ನಮೂನೆ ತೆಗೆದಳು.

“ಮೂವತ್ತೊಂದು. ಮಗುವಿಗೆ ಇಷ್ಟು ಸೆಖೆ ಒಳ್ಳೇದಲ್ಲ, ಇರ್ಯಾ. ಇಪ್ಪತ್ತೆರಡು ದಾಟಬಾರದು.”

“ಹೆನ್ನಾ, ನೀವು ಮಾತಾಡಿದ್ರೆ ಬಾಯಿಂದ ಹೊಗೆ ಬರ್ತಿದೆ.”

“ಬರ್ತಿದೆ,” ಅಂದಳು ಹೆನ್ನಾ ಪ್ರಾಮಾಣಿಕವಾಗಿ. “ಆದ್ರೆ ನಮೂನೆಯಲ್ಲಿ ಹೊಗೆಗೆ ಜಾಗ ಇಲ್ಲ. ಉಷ್ಣತೆಗೆ ಇದೆ, ಅದೂ ಮನೆಗೆ ಅಳವಡಿಸಿದ ಯಂತ್ರದ್ದೇ ಬರೀಬೇಕು.”

ಇರ್ಯಾ ಮಗಳ ಮುಖ ನೋಡಿದಳು. ರಿಕ್ಕಾ ಮಗುವಿನ ಟೊಪ್ಪಿಯನ್ನು ಕಿವಿಯ ಮೇಲೆ ಇನ್ನಷ್ಟು ಎಳೆದು, ಕಂಬಳಿ ಬಿಗಿಯಾಗಿ ಸುತ್ತಿದಳು.

“ಅಮ್ಮ, ನಂಗೂ ಗೊತ್ತು ನಿಂಗೆ ಎಷ್ಟು ಆಸೆ ಇತ್ತು ಅಂತ. ಆದ್ರೆ ಇಷ್ಟು ಸೆಖೆಯಲ್ಲಿ ಹೇಗೆ ಬಿಡ್ಲಿ? ನೀನಾದ್ರೂ ಸ್ವಲ್ಪ ಕಡಿಮೆ ಮಾಡ್ಕೋಬಾರ್ದಾ?”

ಲುಮಿಯನ್ನು ಸದ್ಯಕ್ಕೆ ಶಿಶುವಿಹಾರಕ್ಕೆ ಹಾಕುವುದೆಂದು ತೀರ್ಮಾನವಾಯಿತು. ಹೆನ್ನಾ ಒಳ್ಳೆಯ ಹುಡುಗಿ, ಅಜ್ಜಿಯ ಮುಖ ನೋಡಿ ಅವಳಿಗೆ ಕನಿಕರ ಹುಟ್ಟಿತು. ಒಂದು ತಿಂಗಳು ಬಿಟ್ಟು ಮತ್ತೆ ಬರುತ್ತೇನೆ, ಅಷ್ಟರಲ್ಲಿ ಅಂಕಿ ಇಪ್ಪತ್ತೆರಡಕ್ಕೆ ಇಳಿದಿದ್ದರೆ ಮಗುವನ್ನು ಬಿಡಬಹುದು ಎಂದಳು. ನಮೂನೆಯ ಕೊನೆಗೆ ಸಲಹೆ ಬರೆದಳು: ದಿನಕ್ಕೆ ಎರಡು ಗಂಟೆಯಾದರೂ ಎಲ್ಲ ಕಿಟಕಿಗಳನ್ನು ತೆರೆದಿಡತಕ್ಕದ್ದು.

ಅವರು ಹೋದ ಮೇಲೆ ಇರ್ಯಾ ತೊಟ್ಟಿಲ ಪಕ್ಕ ಕೂತು ಅತ್ತಳು. ಒಂದು ತಿಂಗಳು ಬಹಳ ದೊಡ್ಡದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕಣ್ಣೊರೆಸಿಕೊಂಡು, ಗಂಡನ ಕೋಟಿನ ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡು, ಒಂದೊಂದಾಗಿ ಮೂರೂ ಕಿಟಕಿಗಳನ್ನು ತೆರೆದಳು. ಹೊರಗೆ ಸೊನ್ನೆಗಿಂತ ಇಪ್ಪತ್ತಮೂರು ಡಿಗ್ರಿ ಕೆಳಗಿತ್ತು.

ತೈಸ್ತೊ ಟವೆಲು ಹೆಗಲಿಗೆ ಹಾಕಿಕೊಂಡು ಅಂಗಳದ ಮೂಲಕ ಸೌನಾದ ಸರದಿಗೆ ಹೊರಟಿದ್ದ. ತೆರೆದ ಕಿಟಕಿ ಕಂಡು ನಿಂತ. ಆತನ ಹುಬ್ಬಿನ ಮೇಲೆ ಹಿಮ ಕಟ್ಟಿತ್ತು.

“ಸೆಖೆಯಾ, ಇರ್ಯಾ?”

“ಸೆಖೆ,” ಅಂದಳು ಇರ್ಯಾ. “ತಡೆಯೋಕಾಗಲ್ಲ.”

“ನಮ್ಮನೇಲೂ ಅಷ್ಟೇ,” ಎಂದು ತೈಸ್ತೊ ತಲೆಯಾಡಿಸಿ, ಮೇಲಕ್ಕೆ ನೋಡಿ, ಹೆಂಡತಿಯನ್ನು ಕೂಗಿ ತಮ್ಮ ಮನೆಯ ಕಿಟಕಿಗಳನ್ನೂ ತೆರೆಯಲು ಹೇಳಿದ.